ಕ್ಲೋರಿನ್ ನಿಲ್ಲದ ಬೇಸಿಗೆ

ನನ್ನ ತಂಗಿ ಕಳ್ಳಿಯಲ್ಲ ಎಂದು ಹೇಳಬಲ್ಲವನು ಆ ದಿನ ಅಲ್ಲಿ ಒಬ್ಬನೇ ಇದ್ದ. ಅವನು ನಾನು. ನಾನು ಹೇಳಲಿಲ್ಲ. ಅವಳು ಮಗಳ ಕೈ ಹಿಡಿದುಕೊಂಡು ರೆಸಾರ್ಟಿನ ಗೇಟು ದಾಟಿ ಹೋಗುವುದನ್ನು ಆಲೆಮನೆಯ ಬಾಗಿಲಲ್ಲಿ ನಿಂತು ನೋಡಿದೆ. ಒಳಗೆ ಕೊಪ್ಪರಿಗೆಯಲ್ಲಿ ಪಾಕ ಉಕ್ಕುತ್ತಿತ್ತು. ಸೀದುಹೋಗುತ್ತದೆ ಎಂದು ಒಳಗೆ ಓಡಿದೆ. ಓಡುವುದಕ್ಕೆ ಒಂದು ನೆವ ಸಿಕ್ಕಿತಲ್ಲ ಎಂದು ಆ ಗಳಿಗೆಯಲ್ಲಿ ಸಮಾಧಾನವಾಯಿತು. ಈಗ ನನ್ನನ್ನು ಹೆಚ್ಚು ಸುಡುವುದು ಆ ಸಮಾಧಾನವೇ.

ಇದನ್ನೆಲ್ಲ ಮರೆತಿದ್ದೆ ಎಂದರೆ ಸುಳ್ಳಾಗುತ್ತದೆ. ಮುಚ್ಚಿಟ್ಟಿದ್ದೆ. ಕಳೆದ ತಿಂಗಳು ತಂಗಿಯ ಗಂಡ ಮಹೇಶ ನಾಗಮಂಗಲದ ಕಡೆಯ ಒಂದು ಶಾಲೆಗೆ ತನ್ನ ಗೂಡ್ಸ್ ಆಟೋದಲ್ಲಿ ಡ್ರಮ್ಮುಗಳನ್ನು ಸಾಗಿಸುವುದಿತ್ತು. ಇಳಿಸಲು ಜೊತೆಗೆ ಆಳು ಬೇಕೆಂದು ನನ್ನನ್ನು ಕರೆದ. ಯಾವ ಡ್ರಮ್ಮು ಎಂದು ನಾನು ಕೇಳಿರಲಿಲ್ಲ. ಶಾಲೆಯ ಹಿಂಭಾಗಕ್ಕೆ ಹೋಗಿ ಮೊದಲನೆಯದನ್ನು ಇಳಿಸುವಾಗ ಮುಚ್ಚಳ ಸ್ವಲ್ಪ ಸಡಿಲವಾಗಿ ಘಾಟು ಮೂಗಿಗೆ ಹೊಡೆಯಿತು. ಕ್ಲೋರಿನ್. ತಲೆ ಎತ್ತಿ ನೋಡಿದರೆ ಎದುರಿಗೆ ಹೊಸ ಈಜುಕೊಳ. ನೀಲಿ ಟೈಲ್ಸು. ಅದರ ತುಂಬ ಟೀ ಬಣ್ಣದ ನೀರು. ನನ್ನ ಕಾಲು ಅಲ್ಲೇ ನಿಂತುಬಿಟ್ಟಿತು.

ಅಲ್ಲಿಯ ಮೇಲ್ವಿಚಾರಕರು ಮಹೇಶನನ್ನು ಕೇಳಿದರು. "ನಿಮ್ಮ ಮನೆಯೋರು ಏನಂದ್ರಪ್ಪ? ಬತ್ತಾರಾ ಇಲ್ವಾ?"

"ಇಲ್ಲ ಸಾ. ಎಷ್ಟ್ ಯೋಳುದ್ರೂ ಒಪ್ಪಕ್ಕಿಲ್ಲ. ನನ್ ಕೈ ನೀರ್ಗೆ ಒಗ್ಗಲ್ಲ ಅಂತಾಳೆ."

"ಗೊತ್ತಿರೋರೇ ಇಂಗಂದ್ರೆ ಎಂಗೆ? ಶಾಲೆ ತೆಗೆಯೋ ಹೊತ್ಗೆ ಇದು ತಿಳಿಯಾಗ್ಬೇಕಲ್ಲ."

ನನ್ನ ತಂಗಿ ಭಾಗ್ಯಳಿಗೆ ಆ ಶಾಲೆಯವರು ಈ ಕೊಳ ನೋಡಿಕೊಳ್ಳುವ ಕೆಲಸ ಕೊಡಲು ಹೇಳಿ ಕಳಿಸಿದ್ದು, ಅವಳು ಒಲ್ಲೆ ಎಂದದ್ದು ನನಗೆ ಗೊತ್ತಾದದ್ದು ಆಗ. ಉಳಿದ ಡ್ರಮ್ಮುಗಳನ್ನು ಹೇಗೆ ಇಳಿಸಿದೆನೋ ನೆನಪಿಲ್ಲ. ದಾರಿಯುದ್ದಕ್ಕೂ ಮಹೇಶ ಮಾತನಾಡುತ್ತಲೇ ಇದ್ದ. ನನಗೆ ಕೇಳಿಸುತ್ತಿದ್ದುದು ಒಂದೇ ಮಾತು, ನನ್ ಕೈ ನೀರ್ಗೆ ಒಗ್ಗಲ್ಲ.

ಅವಳ ಕೈಯಷ್ಟು ನೀರಿಗೆ ಒಗ್ಗಿದ ಕೈಯನ್ನು ನಾನು ನೋಡಿಲ್ಲ.

ಪಾಂಡವಪುರದಿಂದ ಮೇಲುಕೋಟೆಗೆ ಹೋಗುವ ರಸ್ತೆಯ ಬದಿ, ಕಬ್ಬಿನ ಗದ್ದೆಗಳ ನಡುವೆ, ನಮ್ಮ ಗೌಡರು ಒಂದು ರೆಸಾರ್ಟು ಕಟ್ಟಿಸಿದ್ದರು. ಶ್ರೀರಂಗಪಟ್ಟಣ ನೋಡಲು ಬಂದವರು ಮೇಲುಕೋಟೆಗೆ ಹೋಗುವ ಮೊದಲು ಒಂದು ದಿನ ಇಲ್ಲಿ ಉಳಿಯಲಿ ಎಂಬ ಲೆಕ್ಕ. ಅವರ ತಂದೆಯ ಕಾಲದ ಆಲೆಮನೆ ಅಲ್ಲೇ ಇತ್ತು. ಅದನ್ನು ಕೆಡವದೆ ಗೋಡೆಗೆ ಕೆಮ್ಮಣ್ಣಿನ ಬಣ್ಣ ಬಳಿಸಿ, ಬಂದವರಿಗೆ ಬೆಲ್ಲ ಮಾಡುವುದನ್ನು ತೋರಿಸಲು ಇಟ್ಟುಕೊಂಡರು. ಬಾಗಿಲ ಮೇಲೆ "ರಾಸಾಯನಿಕವಿಲ್ಲದ ಬೆಲ್ಲ" ಎಂದು ಬೋರ್ಡು ಹಾಕಿಸಿದರು. ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಅಂದಿನಿಂದ ಕೊಪ್ಪರಿಗೆಯ ಮುಂದೆಯೇ ಬೆಳೆದವನು. ಆ ಆಲೆಮನೆಯಲ್ಲಿ ಪಾಕ ನೋಡಿಕೊಳ್ಳುವುದು ನನ್ನ ಕೆಲಸವಾಗಿತ್ತು.

ಬೋರ್ಡಿನಲ್ಲಿ ಬರೆದದ್ದು ನಿಜವಲ್ಲ. ಬೆಲ್ಲ ಕಪ್ಪಗಿದ್ದರೆ ಯಾರೂ ಮುಟ್ಟುವುದಿಲ್ಲ. ಎಲ್ಲರಿಗೂ ಹೊಂಬಣ್ಣ ಬೇಕು. ಅದಕ್ಕೆ ಹೈಡ್ರೋಸ್ ಎಂಬ ಬಿಳಿಯ ಪುಡಿ ಇದೆ. ಕುದಿಯುವ ಕಬ್ಬಿನ ಹಾಲಿಗೆ ಹಾಕಿದರೆ ಕಂದು ಬಣ್ಣ ಕಣ್ಣೆದುರೇ ತಿಳಿಯಾಗಿ ಹಳದಿಗೆ ತಿರುಗುತ್ತದೆ. ನಾನು ಕೆಲಸ ಮಾಡಿದ ಆಲೆಮನೆಗಳಲ್ಲಿ ಅದನ್ನು ಹಾಕದ ಮನೆಯಿಲ್ಲ, ಹಾಕುತ್ತೇವೆ ಎಂದು ಬಾಯಿ ಬಿಟ್ಟವರೂ ಇಲ್ಲ. ರೆಸಾರ್ಟಿನ ಜನ ನಿಂತು ಫೋಟೋ ತೆಗೆಯುವಾಗ ಬೆಂಡೆಗಿಡದ ಲೋಳೆ ಹಾಕಿ ಕೊಳೆ ತೆಗೆಯುವುದನ್ನು ತೋರಿಸುತ್ತಿದ್ದೆ. ಅವರು ಕಾಫಿಗೆ ಹೋದ ಮೇಲೆ ಡಬ್ಬ ತೆಗೆಯುತ್ತಿದ್ದೆ. ಹಾಕುವುದು, ಹಾಕಿದ್ದನ್ನು ಹೇಳದೇ ಇರುವುದು, ಎರಡನ್ನೂ ನಾನು ಒಟ್ಟಿಗೇ ಕಲಿತಿದ್ದೆ.

ಏಳೆಂಟು ವರ್ಷದ ಹಿಂದೆ, ಬೇಸಿಗೆ ಶುರುವಾಗುವ ಹೊತ್ತಿಗೆ ಈಜುಕೊಳದ ಕೆಲಸ ಮುಗಿಯಿತು. ನೋಡಿಕೊಳ್ಳಲು ಜನ ಬೇಕಿತ್ತು. ಭಾಗ್ಯ ಹತ್ತನೇ ಕ್ಲಾಸು ಪಾಸಾದವಳು. ನಾನೇ ಗೌಡರ ಹತ್ತಿರ ಅವಳ ಮಾತೆತ್ತಿದೆ. ಕೊಳ ಕಟ್ಟಿದ ಮೈಸೂರಿನ ಕಂಟ್ರಾಕ್ಟರು ಅವಳನ್ನು ಕರೆಸಿಕೊಂಡು ಕೆಲಸ ಕಲಿಸಿ ಕಳಿಸಿದರು. ಅಲ್ಲಿಂದ ಬಂದವಳ ಕೈಯಲ್ಲಿ ಒಂದು ಪುಟ್ಟ ಪ್ಲಾಸ್ಟಿಕ್ ಪೆಟ್ಟಿಗೆ. ಅದರಲ್ಲಿ ಎರಡು ಗಾಜಿನ ಕೊಳವೆ, ಎರಡು ಬಾಟಲಿ ಔಷಧಿ. ಕೊಳದ ನೀರನ್ನು ಎರಡೂ ಕೊಳವೆಗೆ ತುಂಬಿ, ಒಂದಕ್ಕೆ ಈ ಔಷಧಿಯ ಹನಿ, ಇನ್ನೊಂದಕ್ಕೆ ಆ ಔಷಧಿಯ ಹನಿ. ಒಂದು ಹಳದಿಯಾದರೆ ನೀರಿನಲ್ಲಿ ಕ್ಲೋರಿನ್ ಇದೆ ಎಂದು ಅರ್ಥ. ಇನ್ನೊಂದು ನೀರು ಹುಳಿಯೋ ಸುಣ್ಣವೋ ಎಂದು ತೋರಿಸುತ್ತದೆ.

ಮೊದಲ ಸಲ ನೀರು ತುಂಬಿಸಿದಾಗ ಆ ಎರಡನೆಯ ಕೊಳವೆ ದಾಸವಾಳದಂತೆ ಕೆಂಪಾಯಿತು. ಅವಳು ಗಾಬರಿಯಾಗಲಿಲ್ಲ. "ಹೊಸ ಸಿಮೆಂಟು ಸುಣ್ಣ ಬುಡ್ತಾ ಅದೆ ಅಣ್ಣಯ್ಯ. ಕಮ್ಮಿ ಮಾಡ್ಬೇಕು" ಎಂದು ಬಕೆಟ್ಟಿನ ನೀರಿಗೆ ಆಸಿಡ್ಡು ಬೆರೆಸಿ, ಗಾಳಿಗೆ ಬೆನ್ನು ಕೊಟ್ಟು, ಕೊಳದ ಸುತ್ತ ನಡೆಯುತ್ತ ಸುರಿದಳು. ಮೋಟರು ಓಡಿಸಿ, ಕಾದು, ಮತ್ತೆ ಕೊಳವೆ ತುಂಬಿದಳು.

ನಾನು ತಮಾಷೆ ಮಾಡಿದೆ. "ನಾವು ಕಬ್ಬಿನ್ ಹಾಲ್ಗೆ ಸುಣ್ಣ ಹಾಕಿ ಹುಳಿ ಕಳೀತೀವಿ. ನೀನು ಹುಳಿ ಹಾಕಿ ಸುಣ್ಣ ಕಳೀತಿದ್ದೀಯ. ಒಂದೇ ಕಸುಬು ಬುಡು. ನಾಲ್ಗೆ ಮೇಲೆ ಬುಟ್ಕಂಡ್ ನೋಡುದ್ರೆ ಆಗಕ್ಕಿಲ್ವಾ?"

"ನಿನ್ ನಾಲ್ಗೆ ಬೆಲ್ಲಕ್ಕೆ ಸರಿ. ಈ ನೀರು ಕುಡಿಯಕ್ಕಲ್ಲ, ಮಕ್ಕಳು ಕಣ್ ಬುಟ್ಕಂಡು ಮುಳುಗಕ್ಕೆ. ಆ ಕಡೆ ಓಗು, ನಿನ್ ಮೈಮೇಲಿನ ಬೂದಿ ನೀರ್ಗೆ ಬೀಳ್ತದೆ" ಎಂದು ಗದರಿದಳು. ಅವಳು ನನ್ನನ್ನು ಹಾಗೆ ಗದರುವುದು ನನಗೆ ಇಷ್ಟವಾಗುತ್ತಿತ್ತು. ಊರಿನ ಹೆಂಗಸರು ದಾರಿಯಲ್ಲಿ ನಿಂತು, "ನಮ್ ಭಾಗ್ಯ ನೀರ್ ಡಾಕ್ಟ್ರು ಆಗವ್ಳೆ ಕಣ್ರವ್ವ" ಎನ್ನುತ್ತಿದ್ದರು.

ಕೆಂಪು ಇಳಿದು ಕೊಳವೆ ತೆಳು ಗುಲಾಬಿಗೆ ಬಂದು ನಿಂತಿತು. ಆ ಸಂಜೆ ಅವಳು ಮೊದಲ ಬಾರಿಗೆ ಕ್ಲೋರಿನ್ ಹಾಕಿದಳು. ಬೆಳಿಗ್ಗೆ ಬಂದು ನೋಡಿದರೆ ಕೊಳದ ತುಂಬ ಟೀ.

ನಾಲೆಯಲ್ಲಿ ನೀರು ನಿಲ್ಲಿಸಿದ್ದರಿಂದ ಕೊಳಕ್ಕೆ ತುಂಬಿಸಿದ್ದು ಬೋರ್‌ವೆಲ್ ನೀರು. ಅದರಲ್ಲಿ ಕಬ್ಬಿಣದ ಅಂಶವಿತ್ತು. ಮೇಲೆ ಬರುವಾಗ ತಿಳಿಯಾಗಿರುತ್ತದೆ, ಕ್ಲೋರಿನ್ ತಾಗಿದ ಕೂಡಲೇ ತುಕ್ಕಾಗಿ ಬಣ್ಣ ಕಟ್ಟುತ್ತದೆ. ಕಂಟ್ರಾಕ್ಟರು ಫೋನಿನಲ್ಲಿ ಹೇಳಿದ್ದು ಇಷ್ಟು: ಪಟಿಕ ಹಾಕಿ, ಮೋಟರು ನಿಲ್ಲಿಸಿ, ತುಕ್ಕು ತಳಕ್ಕೆ ಇಳಿಯಲು ಬಿಡಿ. ತಳವನ್ನು ಪೈಪಿನಿಂದ ಎಳೆದು ಹೊರಗೆ ಹಾಕಿ. ಮತ್ತೆ ಕ್ಲೋರಿನ್, ಮತ್ತೆ ಪಟಿಕ. ನಿಧಾನವಾಗಿ ಸರಿಹೋಗುತ್ತದೆ. ಅವಸರ ಬೇಡ.

ಆದರೆ ಗೌಡರು ಯುಗಾದಿ ಮುಗಿದ ವಾರವೇ ಉದ್ಘಾಟನೆ ಎಂದು ನೆಂಟರು, ಪರಿಚಯದವರು ಎಲ್ಲರಿಗೂ ಹೇಳಿಯಾಗಿತ್ತು. ದಿನವೂ ಬಂದು ಕೊಳದ ದಂಡೆಯಲ್ಲಿ ನಿಲ್ಲುತ್ತಿದ್ದರು.

"ಏನಮ್ಮಿ ಇದು, ಎಮ್ಮೆ ಮೈ ತೊಳ್ದಂಗದೆ?"

"ಇಳೀತದೆ ಗೌಡ್ರೆ. ಟೈಮ್ ಬೇಕು."

"ಟೈಮ್ ಎಲ್ಲಿಂದ ತರ್ಲಿ? ಬೀಗ್ರು ಬಂದು ನೋಡಿ ನಗ್ಬೇಕಾ? ಮೈಸೂರ್ಗೋಗಿ ಕಲ್ತ್ಕೊಂಡ್ ಬಂದದ್ದು ಇದ್ನೇಯಾ?"

ಭಾಗ್ಯ ಊಟ ಬಿಟ್ಟಳು. ಮಧ್ಯಾಹ್ನದ ಬಿಸಿಲಲ್ಲಿ ದಂಡೆಯ ಮೇಲೆ ಕುಕ್ಕರುಗಾಲಲ್ಲಿ ಕೂತು ನೀರನ್ನೇ ನೋಡುತ್ತಿದ್ದಳು. ನಾನು ಮುದ್ದೆ ತೆಗೆದುಕೊಂಡು ಹೋದರೆ, "ತಳ ಕಾಣ್ತಾ ಅದಾ ನೋಡಣ್ಣಯ್ಯ, ನಿನ್ನೆಗಿಂತ ವಾಸಿ ಅಲ್ವಾ?" ಎನ್ನುತ್ತಿದ್ದಳು. ವಾಸಿಯಾಗಿರಲಿಲ್ಲ. ನಾನು ವಾಸಿ ಎನ್ನುತ್ತಿದ್ದೆ.

ಒಂದು ದಿನ ಕೊಪ್ಪರಿಗೆಗೆ ಹೈಡ್ರೋಸ್ ಹಾಕುವಾಗ ಆ ಯೋಚನೆ ಬಂತು. ಕಂದು ಬಣ್ಣ ಅಲ್ಲಿ ಹೋಗುವುದಾದರೆ ಇಲ್ಲಿ ಯಾಕೆ ಹೋಗಬಾರದು? ಬಕೆಟ್ಟಿನಲ್ಲಿ ಕೊಳದ ನೀರು ತಂದು ಆಲೆಮನೆಯ ಹಿಂದೆ ಇಟ್ಟುಕೊಂಡು ಒಂದು ಚಿಟಿಕೆ ಉದುರಿಸಿ ಕೈಯಾಡಿಸಿದೆ. ನೋಡನೋಡುತ್ತಲೇ ಬಣ್ಣ ಕರಗಿ ಬಕೆಟ್ಟಿನ ತಳ ಕಂಡಿತು. ನನಗೆ ಆದ ಸಂತೋಷ ಹೇಳಲಾರೆ. ನನ್ನ ತಂಗಿಯ ಮರ್ಯಾದೆ ಉಳಿಸುವ ದಾರಿ ನನ್ನ ಡಬ್ಬದಲ್ಲೇ ಇತ್ತಲ್ಲ ಎನಿಸಿತು.

ಅವಳಿಗೆ ಹೇಳಬಹುದಿತ್ತು. ಹೇಳಿದ್ದರೆ ಬೇಡ ಎನ್ನುತ್ತಿದ್ದಳು. ಅದಕ್ಕಿಂತ ಹೆಚ್ಚಾಗಿ, ಆ ಪುಡಿಯ ಹೆಸರನ್ನು ಆಲೆಮನೆಯ ಹೊರಗೆ ಎತ್ತುವ ಅಭ್ಯಾಸವೇ ನನಗೆ ಇರಲಿಲ್ಲ. ಮಗಳು ಚೈತ್ರಳನ್ನು ಸ್ಕೂಲ್ ಬಸ್ಸಿನಿಂದ ಇಳಿಸಿಕೊಳ್ಳಲು ಅವಳು ರಸ್ತೆಗೆ ಹೋದ ಹೊತ್ತು ನೋಡಿ, ಅರ್ಧ ಡಬ್ಬ ಬಕೆಟ್ಟಿನಲ್ಲಿ ಕದಡಿ ಕೊಳಕ್ಕೆ ಸುರಿದು ಮೋಟರು ಹಾಕಿದೆ. ಬೆಂಕಿಕಡ್ಡಿ ಗೀರಿದಂಥ ವಾಸನೆ ಒಂದಿಷ್ಟು ಬಂತು. ಗಾಳಿಗೆ ಹೋಯಿತು.

ಸಂಜೆಯೊಳಗೆ ನೀರು ಕನ್ನಡಿಯಾಯಿತು. ತಳದ ಒಂದೊಂದು ಟೈಲ್ಸೂ ಕಾಣುತ್ತಿತ್ತು. ಭಾಗ್ಯ ಬಾಯಿ ಮೇಲೆ ಕೈಯಿಟ್ಟುಕೊಂಡು ನಿಂತಳು. ಗೌಡರು ಬಂದು, "ಬಲೇ, ಗೆದ್ಬುಟ್ಟೆ ಕನಮ್ಮಿ!" ಎಂದರು. ಅವಳು ಪಟಿಕ ಕೆಲಸ ಮಾಡಿತು ಎಂದುಕೊಂಡಳು. ಅವಳ ಮುಖ ನೋಡಿ ನನ್ನ ಎದೆ ಹಿಗ್ಗಿತು. ಆಮೇಲೆ ಅವಳು ಕೊಳವೆ ತುಂಬಿದಳು. ಹನಿ ಬಿಟ್ಟಳು. ಹಳದಿ ಬರಲಿಲ್ಲ. ಇನ್ನೊಂದು ಸಲ ಮಾಡಿದಳು. ನೀರು ನೀರಿನ ಹಾಗೇ ಇತ್ತು.

"ಇದ್ಯಾಕೆ ಕ್ಲೋರಿನ್ ಒಂಚೂರೂ ಇಲ್ಲ?" ಎಂದು ತನಗೆ ತಾನೇ ಕೇಳಿಕೊಂಡಳು.

ಅಂದಿನಿಂದ ಶುರುವಾದದ್ದು ಆ ಬೇಸಿಗೆಯ ಸಂಕಟ. ಅವಳು ಡ್ರಮ್ಮಿನಿಂದ ಕ್ಲೋರಿನ್ ತೆಗೆದು ಹಾಕುವಳು, ಕೊಳವೆಯಲ್ಲಿ ಕಾಣುವುದಿಲ್ಲ. ಮತ್ತೆ ಹಾಕುವಳು, ಕಾಣುವುದಿಲ್ಲ. ಔಷಧಿ ಕೆಟ್ಟಿದೆಯೇನೋ ಎಂದು ಹೊಸ ಬಾಟಲಿ ತರಿಸಿದಳು. ಕಂಟ್ರಾಕ್ಟರಿಗೆ ಫೋನು ಮಾಡಿದರೆ ಬಿಸಿಲಿಗೆ ಹಾರಿಹೋಗುತ್ತಿರಬಹುದು ಎಂದರು. ಸಂಜೆ ಹಾಕಿದಳು. ಆಗಲೂ ಇಲ್ಲ. ಉದ್ಘಾಟನೆಯ ಹಿಂದಿನ ದಿನ ಮಧ್ಯಾಹ್ನ ಅವಳು ಕೂಗಿದ್ದು ಆಲೆಮನೆಗೆ ಕೇಳಿಸಿತು. "ನಿಂತ್ಕತು ಅಣ್ಣಯ್ಯ! ಬಾ ನೋಡು ಬಾ!"

ಹೋಗಿ ನೋಡಿದೆ. ಕೊಳವೆ ತಿಳಿ ಹಳದಿಯಾಗಿತ್ತು. ಕೊಳದ ನೀರೂ ಮತ್ತೆ ಮಾಸಲಾಗುತ್ತಿತ್ತು. ಅವಳಿಗೆ ಅದರ ಚಿಂತೆಯಿರಲಿಲ್ಲ. "ಬಣ್ಣ ಇದ್ರೆ ಇರ್ಲಿ, ಆಮೇಲೆ ತೆಗೀಬೋದು. ಕ್ಲೋರಿನ್ ನಿಂತ್ರೆ ನೀರಲ್ಲಿ ರೋಗ ಇಲ್ಲ ಅಂತ" ಎಂದಳು. ಕೊಳವೆಯನ್ನು ನನ್ನ ಕೈಗೆ ಕೊಟ್ಟು ಗೌಡರನ್ನು ಕರೆಯಲು ಓಡಿದಳು. ನನ್ನ ಬೆರಳಿಗೆ ಡಬ್ಬದ ಪುಡಿ ಅಂಟಿತ್ತು. ಅದನ್ನು ಬೇಕೆಂದೇ ಕೊಳವೆಗೆ ಅದ್ದಿದೆನೋ ಗೊತ್ತಾಗದೆ ತಾಗಿತೋ ಈಗ ಹೇಳಲಾರೆ. ತಾಗಿದ ಕ್ಷಣದಲ್ಲೇ ಹಳದಿ ಮಾಯವಾಯಿತು. ಇದ್ದದ್ದು ಇಲ್ಲವಾಯಿತು.

ಓದಿಲ್ಲದಿದ್ದರೂ ನಾನು ಪೆದ್ದನಲ್ಲ. ಅವಳು ಹಾಕುತ್ತಿದ್ದ ಕ್ಲೋರಿನ್ನನ್ನು ತಿನ್ನುತ್ತಿದ್ದುದು ನನ್ನ ಪುಡಿ. ಆ ನೀರನ್ನು ಚೆಲ್ಲಿ, ಕೊಳವೆ ತೊಳೆದು, ಮತ್ತೆ ಕೊಳದಿಂದ ನೀರು ತುಂಬಿ ಹನಿ ಬಿಟ್ಟು ಹಳದಿ ಬರಿಸಿ ಇಟ್ಟೆ.

ಗೌಡರು ಕೊಳವೆಯನ್ನು ನೋಡಲೇ ಇಲ್ಲ. ಕೊಳ ನೋಡಿದರು. "ಮತ್ತೆ ಕೆಂಪು ತಿರುಗ್ತಾ ಅದಲ್ಲಮ್ಮಿ! ನಾಳಿಕ್ಕೆ ನೀರು ಇಂಗೇ ಇದ್ರೆ ನೀನು ಈ ಕಡೆ ಮಕ ತೋರಿಸ್ಬೇಡ." ಭಾಗ್ಯ ಏನೋ ಹೇಳಲು ಹೋದಳು. ಅವರು ಬೆನ್ನು ತಿರುಗಿಸಿದರು.

ಮರುದಿನ, ಉದ್ಘಾಟನೆಯ ಬೆಳಗಿನ ಜಾವ, ಕಬ್ಬು ಅರೆಯಲು ಎಂದಿಗಿಂತ ಬೇಗ ಬಂದೆ. ಉಳಿದ ಅರ್ಧ ಡಬ್ಬವನ್ನು ಕೊಳಕ್ಕೆ ಸುರಿದೆ. ಈ ಸಲ ಗೊತ್ತಿದ್ದೇ ಸುರಿದೆ. ಅವಳ ಕೆಲಸ ಉಳಿಯಲಿ, ಕ್ಲೋರಿನ್ ನಾಳೆ ಹಾಕಿದರಾಯಿತು, ನಾವೆಲ್ಲ ಕೆರೆಯಲ್ಲಿ ಬಿದ್ದು ಬೆಳೆದವರಲ್ಲವೇ ಎಂದು ಮನಸ್ಸಿಗೆ ಹೇಳಿಕೊಂಡೆ.

ಜನ ಬಂದರು. ಶಾಮಿಯಾನ, ನಾದಸ್ವರ, ಗಂಗೆ ಪೂಜೆ. ನೀರು ಫಳಫಳ ಹೊಳೆಯುತ್ತಿತ್ತು. ಭಾಗ್ಯ ಒಂದು ಮೂಲೆಯಲ್ಲಿ ಕೊಳವೆ ಹಿಡಿದು ನಿಂತಿದ್ದಳು. ಮುಖದಲ್ಲಿ ರಕ್ತವಿರಲಿಲ್ಲ. ಗೌಡರ ಹತ್ತಿರ ಹೋಗಿ ಮೆಲ್ಲಗೆ, "ಗೌಡ್ರೆ, ಇವತ್ತು ಯಾರ್ನೂ ಇಳಿಸ್ಬೇಡಿ. ಕ್ಲೋರಿನ್ ನಿಂತಿಲ್ಲ" ಎಂದಳು.

ಗೌಡರು ನೆಂಟರ ಎದುರು ನಕ್ಕರು. "ಬಾವಿ ನೀರು ಇಂಗೆ ತಿಳಿಯಾಗಿದ್ರೆ ಬೊಗಸೇಲಿ ಕುಡೀತಿದ್ವಿ. ಇವ್ಳು ನೋಡಿ, ಇಳೀಬೇಡಿ ಅಂತಾಳೆ! ಎಲ್ಲಿ, ನಿನ್ ಮಗ್ಳು ಬಂದವ್ಳಲ್ಲ, ಮೊದ್ಲು ಅವ್ಳನ್ನೇ ಇಳಿಸು ನೋಡಾನ. ನಿನ್ ಕೆಲಸದ ಮೇಲೆ ನಿಂಗೇ ನಂಬ್ಕೆ ಇಲ್ವಾ?"

ಎಲ್ಲರೂ ಅವಳನ್ನು ನೋಡಿದರು. ಅವಳು ನನ್ನನ್ನು ನೋಡಿದಳು. ಆಲೆಮನೆಯ ಕಡೆಯಿಂದ ಬಂದು ಗುಂಪಿನ ಹಿಂದೆ ನಿಂತಿದ್ದೆ. ಅಪ್ಪ ತೀರಿಕೊಂಡ ಮೇಲೆ ಯಾವುದೇ ಮಾತು ತೀರ್ಮಾನವಾಗಬೇಕಿದ್ದರೂ ಅವಳು ಹೀಗೆಯೇ ನೋಡುತ್ತಿದ್ದಳು. ಇಳಿಸಲಾ ಎಂದು ಕಣ್ಣಲ್ಲೇ ಕೇಳಿದಳು. ಆ ಜನರೊಳಗೆ ನೀರಿನಲ್ಲಿ ಏನಿದೆ ಎಂದು ಗೊತ್ತಿದ್ದವನು ನಾನೊಬ್ಬ. ನಾನು ತಲೆಯಾಡಿಸಿದೆ. ಬಾಯಿ ಬಿಟ್ಟು, "ಏನೂ ಆಗಕ್ಕಿಲ್ಲ ಬುಡವ್ವ" ಎಂದೂ ಅಂದೆ.

ಚೈತ್ರ ಕುಣಿದುಕೊಂಡು ಇಳಿದಳು. ಅವಳ ಹಿಂದೆ ಉಳಿದ ಮಕ್ಕಳು.

ಆಮೇಲೆ ನಿಲ್ಲಿಸುವುದು ಹೇಗೆಂದು ನನಗೆ ತಿಳಿಯಲಿಲ್ಲ. ಬೇಸಿಗೆ ರಜೆ, ದಿನವೂ ಜನ. ಅವಳು ಕ್ಲೋರಿನ್ ಹೆಚ್ಚು ಹಾಕಿದಾಗೆಲ್ಲ ನೀರು ಕೆಂಪಾಗುತ್ತಿತ್ತು. ಕೆಂಪಾದಾಗೆಲ್ಲ ಗೌಡರು ಕೂಗುತ್ತಿದ್ದರು. ಅವರು ಕೂಗಿದಾಗೆಲ್ಲ ನಾನು ಬೊಗಸೆ ಪುಡಿ ಹಾಕುತ್ತಿದ್ದೆ. ಇನ್ನೊಂದೇ ಸಲ, ಇನ್ನೊಂದೇ ಸಲ. ಡ್ರಮ್ಮುಗಳು ಖಾಲಿಯಾಗುತ್ತ ಹೋದವು. ಚೈತ್ರ ಶಾಲೆಯಿಲ್ಲದ ಕಾರಣ ಅಮ್ಮನ ಜೊತೆಗೇ ಇರುತ್ತಿದ್ದಳು, ಬೇರೆ ಮಕ್ಕಳ ಜೊತೆ ನೀರಿಗೂ ಇಳಿಯುತ್ತಿದ್ದಳು. ಮೊದಲು ಕಣ್ಣು ಕೆಂಪು ಎಂದು ಒಬ್ಬರು ದೂರಿದರು. ಆಮೇಲೆ ಮೈ ಕೆರೆತ. ಆಮೇಲೆ ಬೆಂಗಳೂರಿನಿಂದ ಬಂದಿದ್ದ ಒಂದು ಸಂಸಾರ ಇಬ್ಬರು ಮಕ್ಕಳಿಗೂ ಕಿವಿನೋವು ಎಂದು ಗಲಾಟೆ ಮಾಡಿಕೊಂಡು ಹೋಯಿತು. ಅದೇ ವಾರ ಚೈತ್ರಳ ಬಲಗಿವಿ ಸೋರಲು ಶುರುವಾಯಿತು.

ಗೌಡರು ಕಂಟ್ರಾಕ್ಟರನ್ನು ಕರೆಸಿದರು. ಅವರು ತಮ್ಮದೇ ಪೆಟ್ಟಿಗೆ ತಂದು ನೀರು ನೋಡಿದರು. ಕ್ಲೋರಿನ್ ಇಲ್ಲವೇ ಇಲ್ಲ. ಮೋಟರು ಮನೆಗೆ ಹೋಗಿ ಡ್ರಮ್ಮು ನೋಡಿದರು. ಎಲ್ಲ ಖಾಲಿ.

"ಇಷ್ಟು ಕ್ಲೋರಿನ್ ಹಾಕಿದ್ರೆ ಈ ಊರಿನ ಕೆರೇನೇ ಶುದ್ಧ ಆಗ್ತಿತ್ತು. ಈ ಕೊಳದಲ್ಲಿ ಒಂದು ಹನಿಯೂ ಇಲ್ಲ. ಹಾಕಿದ್ದು ಎಲ್ಲಿಗೆ ಹೋಯ್ತಮ್ಮ?" ಎಂದರು.

ಅಲ್ಲಿಗೆ ಗೌಡರಿಗೆ ಎಲ್ಲ ಹೊಳೆದುಹೋಯಿತು. ಸುತ್ತಮುತ್ತ ಕೋಳಿ ಫಾರಂಗಳು. ಅವರಿಗೆಲ್ಲ ತೊಳೆಯಲು ಕ್ಲೋರಿನ್ ಬೇಕು. ಭಾಗ್ಯಳ ಗಂಡನ ಹತ್ತಿರ ಗೂಡ್ಸ್ ಆಟೋ ಇದೆ.

"ಕೋಳಿ ಫಾರಮ್ಗೆ ಮಾರ್ಕೊಂಡ್ಯಾ? ಗಂಡನ ಆಟೋದಲ್ಲಿ ಸಾಗ್ಸುದ್ಯಾ? ಮಕ್ಕಳ ಜೀವದ ಮೇಲೆ ಕಾಸು ಮಾಡ್ಕತಿಯೇನಮ್ಮಿ?"

"ಇಲ್ಲ ಗೌಡ್ರೆ. ಹಾಕಿವ್ನಿ. ದಿನಾ ಹಾಕಿವ್ನಿ. ನನ್ ಮಗಳೂ ಅದೇ ನೀರಲ್ಲಿ ಇಳ್ದವ್ಳಲ್ಲ ಗೌಡ್ರೆ" ಎಂದಳು ಭಾಗ್ಯ. ಅವಳು ಕೂಗಾಡಲಿಲ್ಲ. ಅವಳ ದನಿಯಲ್ಲಿ ಕೋಪಕ್ಕಿಂತ ಹೆಚ್ಚಾಗಿ ದಿಗ್ಭ್ರಮೆ ಇತ್ತು. ತಾನು ಹಾಕಿದ್ದು ಎಲ್ಲಿಗೆ ಹೋಯಿತು ಎಂದು ಅವಳಿಗೂ ಗೊತ್ತಿರಲಿಲ್ಲವಲ್ಲ.

ನಾನು ಹೇಳಿದ್ದರೆ ಏನಾಗುತ್ತಿತ್ತು? ನನ್ನ ಕೆಲಸ ಹೋಗುತ್ತಿತ್ತು. ಬಾಗಿಲ ಮೇಲಿನ ಬೋರ್ಡು ಸುಳ್ಳೆಂದು ಕಂಟ್ರಾಕ್ಟರ ಎದುರು, ಬಂದಿದ್ದ ಜನರ ಎದುರು ಬಯಲಾಗುತ್ತಿತ್ತು. ಗೌಡರು ನನ್ನನ್ನು ಸುಮ್ಮನೆ ಬಿಡುತ್ತಿರಲಿಲ್ಲ. ಇವೆಲ್ಲ ನನಗೆ ನಾನೇ ಹೇಳಿಕೊಂಡ ಕಾರಣಗಳು. ನಿಜ ಇನ್ನೂ ಸಣ್ಣದು. ಅವಳು ಮತ್ತೆ ನನ್ನ ಕಡೆ ನೋಡಿದರೆ ಏನು ಮಾಡಲಿ ಎಂಬ ಭಯ ನನಗಿತ್ತು. ಅವಳು ನೋಡಲಿಲ್ಲ. ಮಗಳ ಕೈ ಹಿಡಿದು ಹೊರಟುಬಿಟ್ಟಳು.

ಚೈತ್ರಳ ಕಿವಿಗೆ ಆ ಮಳೆಗಾಲವೆಲ್ಲ ಔಷಧಿ ನಡೆಯಿತು. ಮೊದಲು ಶ್ರೀರಂಗಪಟ್ಟಣದಲ್ಲಿ ತೋರಿಸಿದೆವು, ಆಮೇಲೆ ಮೈಸೂರಿನಲ್ಲಿ. ನನ್ನ ಬೈಕಿನಲ್ಲೇ ಕರೆದುಕೊಂಡು ಹೋಗುತ್ತಿದ್ದೆ. ಕಿವಿಯ ತಮಟೆಯಲ್ಲಿ ತೂತಾಗಿದೆ, ಕೆಟ್ಟ ನೀರಿನಿಂದ ಕೀವಾದದ್ದು ಎಂದರು ಡಾಕ್ಟರು. ಸೋರುವುದು ನಿಂತಿತು. ಕೇಳಿಸುವುದು ಪೂರ್ತಿ ಮರಳಲಿಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಭಾಗ್ಯ ಒಂದು ದಿನ, "ನನ್ ಕೈಯಾರೆ ಇಳಿಸ್ದೆ ಅಣ್ಣಯ್ಯ. ಕೊಳವೆ ಬೇಡ ಅಂತಿತ್ತು. ನನ್ ಕಣ್ಣಿಗೇ ಕಾಣ್ತಿತ್ತು. ಆದ್ರೂ ಇಳಿಸ್ದೆ" ಎಂದಳು. ನೀನು ತಲೆಯಾಡಿಸಿದೆ ಎಂದು ಅವಳು ಹೇಳಲಿಲ್ಲ. ನಾನು ಟೀ ತರುತ್ತೇನೆ ಎಂದು ಎದ್ದು ಹೋದೆ.

ಕಳ್ಳಿ ಎಂಬ ಮಾತು ಊರಲ್ಲಿ ಹರಡಿತು. ಮಹೇಶನಿಗೆ ಬಾಡಿಗೆ ಸಿಗುವುದು ಕಡಿಮೆಯಾಯಿತು. ಅವರು ಕಿಕ್ಕೇರಿಗೆ ಹೋಗಿ ಬಾಡಿಗೆ ಮನೆ ಹಿಡಿದರು. ಅವಳು ಹೊಲಿಗೆ ಮೆಷಿನ್ನು ಹಾಕಿಕೊಂಡಳು. ಗೌಡರು ಈಜುಕೊಳಕ್ಕೆ ನಾಲೆ ನೀರು ತುಂಬಿಸಿ ಬೇರೆಯವರನ್ನು ಇಟ್ಟುಕೊಂಡರು. ನಾನು ಮುಂದಿನ ಹಂಗಾಮಿಗೆ ಆಲೆಮನೆ ಬಿಟ್ಟೆ. ಕೆ.ಆರ್. ಪೇಟೆಯ ಗೊಬ್ಬರದಂಗಡಿಯಲ್ಲಿ ಮೂಟೆ ಎತ್ತುವ ಕೆಲಸಕ್ಕೆ ಸೇರಿದೆ. ಯಾಕೆ ಬಿಟ್ಟೆ ಎಂದು ಕೇಳಿದವರಿಗೆ ಹೊಗೆ ಆಗುವುದಿಲ್ಲ ಎಂದೆ.

ನಾಗಮಂಗಲದ ಆ ಶಾಲೆಯಿಂದ ಬಂದ ದಿನ ನಾನು ನನ್ನ ಮನೆಗೆ ಹೋಗಲಿಲ್ಲ. ಮಹೇಶನ ಜೊತೆ ಕಿಕ್ಕೇರಿಯಲ್ಲೇ ಇಳಿದೆ. ಇನ್ನೂ ಬಿಸಿಲಿತ್ತು. ಮಹೇಶ ಹೊರಗೆ ಆಟೋ ತೊಳೆಯಲು ನಿಂತ. ಭಾಗ್ಯ ಬಾಗಿಲ ಬೆಳಕಿಗೆ ಮೆಷಿನ್ನು ಇಟ್ಟುಕೊಂಡು ಯಾರದೋ ರವಿಕೆ ಹೊಲಿಯುತ್ತಿದ್ದಳು. ಚೈತ್ರ ಒಳಗೆ ಕೂತು ಓದುತ್ತಿದ್ದಳು. ಈಗ ಅವಳು ಹೈಸ್ಕೂಲು.

"ಆ ಸ್ಕೂಲ್ ಕೆಲಸ ಯಾಕೆ ಒಲ್ಲೆ ಅಂದೆ?" ಎಂದೆ.

"ನೀನೂ ಶುರು ಮಾಡ್ದ್ಯಾ?" ಅವಳು ಕಾಲು ನಿಲ್ಲಿಸಲಿಲ್ಲ. ಮೆಷಿನ್ನು ಓಡುತ್ತಲೇ ಇತ್ತು. "ಇನ್ನೊಬ್ರ ಮಕ್ಕಳ ಕಿವೀನೂ ಕಳೀಲಾ?"

"ಭಾಗ್ಯ, ನೀನು ಹಾಕ್ದ ಕ್ಲೋರಿನ್ನು ನೀರಲ್ಲೇ ಇತ್ತು. ನಾನು ಕಳೀತಿದ್ದೆ."

"ಏನಂದೆ?"

"ಹೈಡ್ರೋಸ್ ಹಾಕ್ದೆ. ಕೊಳಕ್ಕೆ."

ಮೆಷಿನ್ನು ನಿಂತಿತು. ಅವಳು ನನ್ನನ್ನು ನೋಡಲಿಲ್ಲ. ಸೂಜಿಯ ಕೆಳಗಿನ ಬಟ್ಟೆಯನ್ನೇ ನೋಡುತ್ತ ಕೇಳಿದಳು. "ಯಾವಾಗ?"

"ಬಣ್ಣ ಬಂದಾಗೆಲ್ಲ. ಮೊದ್ಲು ಅರ್ಧ ಡಬ್ಬ. ಉದ್ಘಾಟನೆ ದಿನ ಇನ್ನರ್ಧ."

"ಅದ್ಕೇ" ಎಂದಳು. "ಅದ್ಕೇ ನಿಲ್ತಿರ್ನಿಲ್ಲ! ನಾನು ಔಷಧಿ ಕೆಟ್ಟದೆ ಅಂತ... ಬಿಸ್ಲು ಅಂತ... ಅದ್ಕೇ ತಿಳಿ ಆಗ್ತಿತ್ತು, ಅದ್ಕೇ..." ವರ್ಷಗಟ್ಟಲೆ ಸಿಗದೆ ಕಾಡಿದ್ದು ಸಿಕ್ಕವಳಂತೆ ಅವಳ ಮುಖ ಒಂದು ಗಳಿಗೆ ಬೆಳಗಿತು. ಆ ಕೊಳದ ದಂಡೆಯ ಮೇಲೆ ಕಂಡಿದ್ದ ಮುಖವೇ. ಆಮೇಲೆ ಅದು ಆರಿತು. ನಿಧಾನವಾಗಿ ನನ್ನ ಕಡೆ ತಿರುಗಿದಳು.

"ಗೌಡ್ರು ನನ್ನ ಕಳ್ಳಿ ಅಂದಾಗ ಎಲ್ಲಿದ್ದೆ ನೀನು?"

"ಆಲೆಮನೆ ಬಾಗ್ಲಲ್ಲಿ."

"ಕೇಳಿಸ್ತಾ?"

"ಕೇಳಿಸ್ತು."

"ಮಗೂನ ಇಳಿಸ್ಲಾ ಅಂತ ನಿನ್ನ ಕೇಳ್ದೆ. ಆಗ ಗೊತ್ತಿತ್ತಾ ನಿಂಗೆ?"

ಈ ಪ್ರಶ್ನೆ ಬಾರದಿರಲಿ ಎಂದು ದಾರಿಯುದ್ದಕ್ಕೂ ಬೇಡಿಕೊಂಡು ಬಂದಿದ್ದೆ. "ಗೊತ್ತಿತ್ತು" ಎಂದೆ.

ಅವಳು ಎದ್ದಳು. ಹೊಡೆಯುತ್ತಾಳೆ ಎಂದುಕೊಂಡೆ. ಹೊಡೆದಿದ್ದರೆ ನೆಮ್ಮದಿಯಾಗುತ್ತಿತ್ತು. ರವಿಕೆಯ ಬಟ್ಟೆಯನ್ನು ಮುದುಡಿ ಹಿಡಿದುಕೊಂಡು ಗೋಡೆಗೆ ಒರಗಿ ನಿಂತಳು. ಹೊರಗೆ ನೀರಿನ ಸದ್ದು ನಿಂತಿತ್ತು. ಮಹೇಶ ಬಾಗಿಲಿಗೆ ಬಂದು ನಿಂತಿದ್ದ. ಅವನ ಕೈಯಲ್ಲಿ ಒದ್ದೆ ಬಟ್ಟೆ ಇತ್ತು.

"ನನ್ ಮಗ್ಳನ್ನ ನಾನೇ ಕಿವುಡಿ ಮಾಡ್ದೆ ಅಂತ ಇಷ್ಟು ವರ್ಷ ಅಂದ್ಕಂಡಿವ್ನಿ ಅಣ್ಣಯ್ಯ" ಎಂದಳು ಭಾಗ್ಯ. "ನೀನು ಬಂದು ಮುದ್ದೆ ಉಂಡು ಓಯ್ತಿದ್ದೆ."

ನಾನು ತಲೆ ತಗ್ಗಿಸಿ, "ತಪ್ಪಾಯ್ತು" ಎಂದೆ. ಅದು ನನಗೇ ಕೇಳಿಸಲಿಲ್ಲ.

"ನಂಗ್ಯಾಕೆ ಗೊಣಗ್ತೀಯಾ? ಅವ್ಳಿಗೆ ಯೋಳು. ಮೆಲ್ಲಗಂದ್ರೆ ಅವ್ಳಿಗೆ ಕೇಳಕ್ಕಿಲ್ಲ. ಜೋರಾಗಿ ಯೋಳು. ಬೀದಿಗೂ ಕೇಳ್ಲಿ. ನಾಳಿಕ್ಕೆ ನನ್ ಜೊತೆ ಬಂದು ಗೌಡ್ರ ಮುಂದೂ ಯೋಳು."

ಚೈತ್ರ ಪುಸ್ತಕ ಮುಚ್ಚಿ ನಮ್ಮ ಕಡೆ ನೋಡುತ್ತಿದ್ದಳು. ಮಾತು ಹಿಡಿಯಲು ತಲೆಯನ್ನು ಸ್ವಲ್ಪ ಓರೆ ಮಾಡಿ, ಎಡಗಿವಿಯನ್ನು ಮುಂದೆ ತಂದಿದ್ದಳು. "ಏನ್ ಮಾವ?" ಎಂದಳು. ಬೀದಿಯ ನಲ್ಲಿಯ ಹತ್ತಿರ ಬಿಂದಿಗೆ ಹಿಡಿದ ಹೆಂಗಸರು ಇ‌ತ್ತ ತಿರುಗಿದ್ದರು. ನಾನು ಚೈತ್ರಳ ಮುಂದೆ ನೆಲದ ಮೇಲೆ ಕೂತೆ. ಕಬ್ಬಿನ ಗಾಡಿಯವನನ್ನು ಕೂಗುವಷ್ಟು ಜೋರಾಗಿ ಹೇಳಿದೆ.

"ಚೈತ್ರ, ನಿನ್ ಕಿವಿ ಕೆಟ್ಟದ್ದು ನಿಮ್ಮವ್ವನಿಂದ ಅಲ್ಲ ಕನವ್ವ. ನನ್ನಿಂದ. ನಿಮ್ಮವ್ವ ಕ್ಲೋರಿನ್ ಕದೀಲಿಲ್ಲ, ಹಾಕುದ್ಲು. ನಾನು ಅದನ್ನ ಕೆಡಿಸ್ದೆ. ಗೊತ್ತಿದ್ದೂ ನಿನ್ನ ನೀರ್ಗೆ ಇಳಿಸಕ್ಕೆ ಬುಟ್ಟೆ. ಅವ್ಳನ್ನ ಕಳ್ಳಿ ಅಂದಾಗ ಬಾಯ್ ಮುಚ್ಕಂಡಿದ್ದೆ. ತಪ್ಪಾಯ್ತು ಮಗ. ಮಹೇಶ, ತಪ್ಪಾಯ್ತು ಕನಪ್ಪ. ಭಾಗ್ಯ, ನಂದು ತಪ್ಪಾಯ್ತು."